ಉಬ್ಬರಕ್ಕೆ ಮೊದಲು

ಪಾದ್ರಿ ಬರುವುದು ತಡವಾಯಿತು. ಎಲ್ಲ ಕೆಟ್ಟಿದ್ದು ಅಲ್ಲಿಂದಲೇ ಎಂದು ಸೊಸೆ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡದ್ದುಂಟು. ಅದು ಪೂರ್ತಿ ನಿಜವಲ್ಲ ಎಂದೂ ಅವಳಿಗೆ ಗೊತ್ತಿತ್ತು.

ಹದಿನೇಳು ದಿನ ನಡೆದು ಅತ್ತೆ, ಸೊಸೆ ಇಬ್ಬರೂ ಸಮುದ್ರದ ದಂಡೆ ಮುಟ್ಟಿದ್ದರು. ಯಾತ್ರೆಯ ಕೊನೆಯ ತುಂಡು ಮಾತ್ರ ಬಾಕಿ. ದಂಡೆಯಿಂದ ದ್ವೀಪಕ್ಕೆ ಐದು ಕಿಲೋಮೀಟರು. ದಿನಕ್ಕೆರಡು ಸಲ ಸಮುದ್ರ ಹಿಂದೆ ಸರಿದಾಗ ತೆರೆದುಕೊಳ್ಳುವ ಮರಳಿನ ಮೇಲೆ ಬರಿಗಾಲಲ್ಲಿ ನಡೆಯಬೇಕು. ದಾರಿ ತಪ್ಪದಿರಲೆಂದು ನೂರು ಮೀಟರಿಗೊಂದರಂತೆ ಮರದ ಕಂಬ ನೆಟ್ಟು ಅದರ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿದ್ದರು. ದ್ವೀಪದ ಚರ್ಚಿನಲ್ಲಿ ಸಂತರ ಸಮಾಧಿಯಿದೆ. ಅಲ್ಲಿ ಮೊಣಕಾಲೂರಿದರೆ ಹರಕೆ ತೀರಿತು.

ಹರಕೆ ಹೊತ್ತವರು ಅತ್ತೆ. ನಾಲ್ಕು ವರ್ಷದ ಹಿಂದೆ ಸೊಸೆ ಹೆರಿಗೆ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಮಲಗಿದ್ದಾಗ, ಇವಳು ಎದ್ದು ಕೂತರೆ ಇವಳನ್ನು ಕರಕೊಂಡು ಸಂತರ ಹತ್ತಿರ ನಡೆದೇ ಬರುತ್ತೇನೆ ಎಂದಿದ್ದರು. ಸೊಸೆ ಎದ್ದು ಕೂತಳು. ಮಗು ಉಳಿಯಲಿಲ್ಲ. ಆಮೇಲೆ ಇನ್ನೊಂದು ಮಗುವೂ ಆಗಲಿಲ್ಲ.

ಸೊಸೆ ಊರಿನ ಸಿಟಿ ಬಸ್ಸಿನ ಡ್ರೈವರು. ದೇವರು, ಹರಕೆ ಎಂದರೆ ಅವಳಿಗೆ ಅಷ್ಟಕ್ಕಷ್ಟೆ. ಹೊರಟದ್ದು ಗಂಡನ ಮಾತಿಗೆ. "ಅಮ್ಮನ ಮಂಡಿ ಇನ್ನೊಂದು ವರ್ಷ ತಡೆಯಲ್ಲ. ಒಬ್ಬಳನ್ನೇ ಕಳಿಸೋಕೂ ಆಗಲ್ಲ. ಹರಕೆ ಇರೋದು ನಿನ್ನ ಹೆಸರಲ್ಲಿ, ನಾನು ಹೋದ್ರೆ ಆಗುತ್ತಾ?" ಎಂದು ಅವನು ಕೇಳಿದಾಗ ಅವಳು ರಜೆ ಬರೆದುಕೊಟ್ಟಳು. ಅವನು ಕಟ್ಟಡಗಳಿಗೆ ಬಣ್ಣ ಬಳಿಯುವವನು. ವರ್ಷದಲ್ಲಿ ಅರ್ಧ ಕಾಲ ಬೇರೆ ಊರುಗಳಲ್ಲಿ, ಕಟ್ಟಡಕ್ಕೆ ಕಟ್ಟಿದ ಸಾರುವೆಯ ಮೇಲೇ ಇರುತ್ತಿದ್ದ. ಮಗು ಹೋದ ದಿನವೂ ಊರಲ್ಲಿರಲಿಲ್ಲ.

ದಂಡೆಯ ಮೇಲೆ ದೊಡ್ಡ ಹಲಗೆಯಲ್ಲಿ ಅಂದಂದಿನ ಹೊತ್ತು ಬರೆದಿರುತ್ತಿತ್ತು. ಅವತ್ತಿನದು: ಎಂಟರ ನಂತರ ಮರಳಿಗೆ ಇಳಿಯಬೇಡಿ, ಹತ್ತಕ್ಕೆ ನೀರು ತಿರುಗುತ್ತದೆ. ಸೊಸೆ ಆರೂವರೆಗೇ ಚೀಲ ಕಟ್ಟಿ ನಿಂತಿದ್ದಳು. ಅತ್ತೆ ಮಾತ್ರ ದಂಡೆಯ ಪುಟ್ಟ ಚರ್ಚಿನ ಬೆಂಚಿನಿಂದ ಏಳಲಿಲ್ಲ.

"ಫಾದರ್ ಹತ್ರ ಪಾಪನಿವೇದನೆ ಮಾಡ್ದೆ ಸಂತರ ಮುಂದೆ ಹೋಗೋಕಾಗಲ್ಲ ಕಣೇ" ಎಂದರು.

"ಹದಿನೇಳು ದಿನದಲ್ಲಿ ಎಷ್ಟು ಚರ್ಚು ಸಿಕ್ತು ಅತ್ತೆ. ಅಲ್ಲೆಲ್ಲೂ ಆಗ್ಲಿಲ್ವಾ?"

"ಆಗ್ಲಿಲ್ಲ."

ಸಾಯುತ್ತಿದ್ದವರೊಬ್ಬರ ಮನೆಗೆ ಹೋಗಿದ್ದ ಪಾದ್ರಿ ಸೈಕಲ್ ತುಳಿದುಕೊಂಡು ಬಂದಾಗ ಎಂಟು ದಾಟಿ ಹತ್ತು ನಿಮಿಷ. ಅತ್ತೆ ಒಳಗೆ ಹೋದರು. ಸೊಸೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಗಂಟೆ ನೋಡಿದಳು, ಮತ್ತೆ ನೋಡಿದಳು. ಅವಳ ರಜೆ ಮರುದಿನಕ್ಕೆ ಮುಗಿಯುತ್ತಿತ್ತು. ನಾಡಿದ್ದು ಬೆಳಿಗ್ಗೆ ಮೊದಲ ಪಾಳಿ ಅವಳದೇ. ಬಸ್ಸು ಎರಡು ನಿಮಿಷ ತಡವಾದರೂ ಮನಸ್ಸಿಗೆ ಕಿರಿಕಿರಿ ಎನಿಸುವ ಜಾತಿ ಅವಳು. ಹದಿನೇಳು ದಿನ ಅತ್ತೆಯ ಹೆಜ್ಜೆಗೆ ಹೆಜ್ಜೆ ಹಾಕಿ, ಅವರ ಗೊರಕೆ ಕೇಳಿ, ಅವರ ಮಂಡಿಗೆ ಎಣ್ಣೆ ತಿಕ್ಕಿ ಅವಳಿಗೆ ಸಾಕುಬೇಕಾಗಿತ್ತು. ಇದೊಂದು ಮುಗಿದರೆ ಸಾಕಿತ್ತು.

ಅತ್ತೆ ಹೊರಗೆ ಬಂದಾಗ ಎಂಟೂ ಮುಕ್ಕಾಲು. ಕಣ್ಣು ಕೆಂಪಾಗಿತ್ತು.

ಯಾತ್ರಿಕರ ವಸತಿಗೃಹ ನೋಡಿಕೊಳ್ಳುವ ಹೆಂಗಸು ಅಂಗಳ ತೊಳೆಯುತ್ತಿದ್ದವಳು ಪೊರಕೆ ಹಿಡಿದೇ ಬಂದಳು. "ಎಲ್ಲರೂ ಹೋಗಿ ಒಂದೂವರೆ ಗಂಟೆ ಆಯ್ತು. ನೀವು ನಾಳೆ ಹೋಗಿ. ಹಾಸಿಗೆ ಹೇಗೂ ಖಾಲಿ ಇದೆ."

"ಹೌದು ಕಣೇ, ನಾಳೆ ಹೋಗೋಣ" ಎಂದರು ಅತ್ತೆ.

ಸೊಸೆ ಸಮುದ್ರದ ಕಡೆ ನೋಡಿದಳು. ನೀರಿನ ಸುಳಿವೇ ಇರಲಿಲ್ಲ. ಮರಳು ಒದ್ದೆ ತಗಡಿನ ಹಾಗೆ ಮಿನುಗುತ್ತ ದೂರದ ದ್ವೀಪದವರೆಗೂ ಚಾಚಿತ್ತು. ಅವಳು ಡ್ರೈವರಿನ ಲೆಕ್ಕ ಹಾಕಿದಳು. ದಾರಿಯುದ್ದಕ್ಕೂ ಅವರು ಗಂಟೆಗೆ ನಾಲ್ಕು ಕಿಲೋಮೀಟರು ನಡೆದಿದ್ದಾರೆ. ಐದು ಕಿಲೋಮೀಟರಿಗೆ ಒಂದೂ ಕಾಲು ಗಂಟೆ. ಹತ್ತಕ್ಕೆ ನೀರು ತಿರುಗಿದರೂ ಅವರನ್ನು ಮುಟ್ಟುವ ಹೊತ್ತಿಗೆ ಅವರು ದ್ವೀಪದಲ್ಲಿರುತ್ತಾರೆ.

"ಇನ್ನೂ ಟೈಮಿದೆ ಅತ್ತೆ. ಬನ್ನಿ" ಎಂದಳು.

ಪೊರಕೆಯ ಹೆಂಗಸು ತಡೆಯಲು ನೋಡಿದಳು. ಆಗದಿದ್ದಾಗ ಎರಡು ಮಾತು ಹೇಳಿದಳು. ಮೂವತ್ತಾರನೆಯ ಕಂಬದ ಹತ್ತಿರ ಎತ್ತರದ ತೊಲೆಗಳ ಮೇಲೆ ಮರದ ಗೂಡು ಇದೆ, ನೀರು ಕಂಡರೆ ಬೇರೇನೂ ಯೋಚಿಸದೆ ಅದನ್ನು ಹತ್ತಿ. ಕಾಲು ಕೆಸರಲ್ಲಿ ಹೂತರೆ ಮೇಲಕ್ಕೆ ಎಳೆಯಬೇಡಿ, ಹಿಂದಕ್ಕೆ ಒರಗಿ ಮಲಗಿ. ಸೊಸೆ ತಲೆಯಾಡಿಸಿದಳು. ಅರ್ಧ ಕೇಳಿಸಿಕೊಂಡಿದ್ದಳು.

ಮೊದಲ ಹತ್ತು ಕಂಬ ಸಲೀಸಾಗಿ ಸರಿದವು. ಆಮೇಲೆ ಮರಳು ಬದಲಾಯಿತು. ಮೇಲೆ ಗಟ್ಟಿ, ಕೆಳಗೆ ಹಿಟ್ಟಿನಂಥ ಕೆಸರು. ಒಂದೊಂದು ಹೆಜ್ಜೆಗೂ ಕಾಲು ಗೆಣ್ಣಿನವರೆಗೆ ಇಳಿದು, ಕಿತ್ತು, ಮತ್ತೆ ಇಳಿಯುತ್ತಿತ್ತು. ತಾನು ಹಾಕಿದ್ದು ಡಾಂಬರು ರಸ್ತೆಯ ಲೆಕ್ಕ ಎಂದು ಸೊಸೆಗೆ ಹದಿನೈದನೆಯ ಕಂಬದ ಹೊತ್ತಿಗೆ ಅರ್ಥವಾಯಿತು. ತಿರುಗಿ ನೋಡಿದರೆ ಅತ್ತೆ ಎರಡು ಕೈಯಲ್ಲೂ ಊರುಗೋಲು ಹಿಡಿದು, ಹಲ್ಲು ಕಚ್ಚಿ, ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದರು. ಮೂವತ್ತೆರಡು ವರ್ಷ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡಿದ ಮೈ ಅದು. ತೋಳಿನಲ್ಲಿ ಇನ್ನೂ ಕಸುವಿತ್ತು. ಮಂಡಿ ಮಾತ್ರ ಎಂದೋ ಕೈಕೊಟ್ಟಿತ್ತು.

"ಹಿಂದಕ್ಕೆ ಹೋಗೋಣ್ವಾ?" ಎಂದು ಅತ್ತೆ ಕೇಳಿದರು.

ಹೋಗಬಹುದಿತ್ತು. ಸೊಸೆ ಬೇಡ ಎಂದಳು.

ಇಪ್ಪತ್ತೇಳನೆಯ ಕಂಬದಲ್ಲಿ ಮಂಜು ಬಂತು. ಬರುವುದು ಕಾಣಲಿಲ್ಲ. ಮೊದಲು ದ್ವೀಪ ಮಾಯವಾಯಿತು, ಆಮೇಲೆ ಮುಂದಿನ ಕಂಬ, ಆಮೇಲೆ ಹಿಂದಿನ ಕಂಬ. ತಣ್ಣನೆಯ ಬಿಳುಪಿನ ನಡುವೆ ಇಬ್ಬರೇ ನಿಂತಿದ್ದರು. ಒಂಬತ್ತೂ ಐವತ್ತು.

ಸೊಸೆ ತುರ್ತು ಸಂಖ್ಯೆಗೆ ಫೋನು ಮಾಡಿದಳು. ಮಾತು ಕಡಿದು ಕಡಿದು ಬರುತ್ತಿತ್ತು. ಕಂಬದ ಸಂಖ್ಯೆ ಕೇಳಿದರು, ಹೇಳಿದಳು. "ಹಿಂದೆ ಹೋಗ್ಬೇಡಿ, ನಿಮ್ಮ ಹಿಂದೆ ಮರಳಲ್ಲಿರೋ ಕಾಲುವೆಗಳೇ ಮೊದಲು ತುಂಬೋದು. ಗೂಡು ಹತ್ತಿ. ಮಂಜು ಕರಗ್ದೆ ಬೋಟು ಬಿಡೋಕಾಗಲ್ಲ" ಎಂದ ಆ ಕಡೆಯವನು. ಬೇರೇನೋ ಹೇಳುತ್ತಿರುವಾಗ ಫೋನು ಸತ್ತಿತು.

ಇನ್ನು ಒಂಬತ್ತು ಕಂಬ. ಸೊಸೆಗೆ ಒಂದೇ ಉಪಾಯ ಹೊಳೆಯಿತು. ಅತ್ತೆ ಕಂಬ ಹಿಡಿದು ನಿಲ್ಲಬೇಕು. ತಾನು ನೇರ ಮುಂದೆ ನಡೆದು ಮುಂದಿನ ಕಂಬ ಹುಡುಕಬೇಕು. ಸಿಕ್ಕಿದ ಮೇಲೆ ಕೂಗಬೇಕು, ಅತ್ತೆ ಆ ಕೂಗಿನ ಕಡೆ ಬರಬೇಕು. ಸಿಗದಿದ್ದರೆ ಅತ್ತೆಯ ದನಿ ಹಿಡಿದು ತಾನು ವಾಪಸು ಬರಬೇಕು.

"ನೀವು ಬಾಯಿ ಮುಚ್ಬಾರ್ದು ಅತ್ತೆ. ನಾನು ಹೋದಷ್ಟು ಹೊತ್ತೂ ಕೂಗ್ತಾ ಇರ್ಬೇಕು."

"ಏನಂತ ಕೂಗ್ಲಿ?"

"ಏನಾದ್ರೂ. ಮನೇಲಿ ನಲ್ಲಿ ಬಿಟ್ಟು ಬಂದಾಗ ನನ್ನ ಕೂಗ್ತೀರಲ್ಲ, ಮೂರು ಮನೆ ಆಚೆಗೆ ಕೇಳೋ ಹಾಗೆ. ಹಾಗೆ."

ಅತ್ತೆ ಜಪ ಶುರುಮಾಡಿದರು. ಆ ದನಿ ಮಂಜಿನೊಳಗಿಂದ ಒಮ್ಮೆ ಎಡದಿಂದ, ಒಮ್ಮೆ ಹಿಂದಿನಿಂದ ಬಂದಂತೆ ಕೇಳುತ್ತಿತ್ತು. ಸೊಸೆ ಹೆಜ್ಜೆ ಎಣಿಸಿದಳು. ನೂರಾ ಮೂವತ್ತಕ್ಕೆ ಕೈಗೆ ಒದ್ದೆ ಮರ ತಗುಲಿತು. ಇಪ್ಪತ್ತೆಂಟು. ಇಪ್ಪತ್ತೊಂಬತ್ತೂ ಹಾಗೇ ಸಿಕ್ಕಿತು. ಮೂವತ್ತು ಸಿಗಲಿಲ್ಲ. ನೂರಾ ಎಂಬತ್ತು ಹೆಜ್ಜೆ ಹೋದಳು, ಇನ್ನೂರು ಹೋದಳು. ಜಪದ ದನಿ ದಾರದಷ್ಟು ತೆಳುವಾಯಿತು. ಅವಳು ನಿಂತಲ್ಲೇ ನಿಂತಳು. ತಿರುಗಿ ದನಿಯ ಕಡೆ ನಡೆದಳು. ದಾರಿಯಲ್ಲಿ, ತಾನು ಬಲಕ್ಕೆ ಬಿಟ್ಟುಹೋಗಿದ್ದ ಕಂಬ ಹಣೆಗೇ ಬಂದು ಬಡಿಯಿತು. ಕಣ್ಣ ಮೇಲಿಂದ ರಕ್ತ ಇಳಿಯಿತು. ಒರೆಸಿಕೊಂಡು, "ಸಿಕ್ತು, ಬನ್ನಿ" ಎಂದು ಕೂಗಿದಳು.

ಮೂವತ್ತೆರಡರ ಹತ್ತಿರ ಮೊದಲ ನೀರು ಕಂಡಿತು. ಅಲೆಯಿಲ್ಲ, ಸದ್ದಿಲ್ಲ. ನೆಲದ ಮೇಲೆ ಯಾರೋ ಬಕೆಟ್ಟು ಮಗುಚಿದಂತೆ ತೆಳ್ಳಗೆ ಹರಿದು ಬಂದು ಪಾದ ಸುತ್ತಿಕೊಂಡಿತು. ಮೂವತ್ತನಾಲ್ಕಕ್ಕೆ ಬರುವಾಗ ಮೀನಖಂಡ ಮುಟ್ಟಿತ್ತು. ಮುಂದೆ ಒಂದು ಕಾಲುವೆ. ಸೊಸೆ ಇಳಿದು ನೋಡಿದಳು, ತೊಡೆಯವರೆಗೆ. ಆಚೆ ಹೋಗಿ ಮೂವತ್ತೈದನೆಯ ಕಂಬ ಹಿಡಿದು ಕೂಗಿದಳು. ಜಪ ಹತ್ತಿರ ಬಂತು, ನೀರಿಗೆ ಇಳಿದ ಸದ್ದಾಯಿತು. ಆಮೇಲೆ ಜಪ ನಿಂತಿತು.

"ಅತ್ತೆ?"

"ಕಾಲು ಬರ್ತಿಲ್ಲ."

ಸೊಸೆ ನೀರಿಗೆ ಮರಳಿದಳು. ಅತ್ತೆ ಕಾಲುವೆಯ ಆಚೆ ಬದಿ ಮುಟ್ಟಲು ನಾಲ್ಕೇ ಹೆಜ್ಜೆ ಇರುವಾಗ ನಿಂತುಬಿಟ್ಟಿದ್ದರು. ಬಲಗಾಲು ಮಂಡಿಯ ಮೇಲಿನವರೆಗೂ ಕೆಸರಲ್ಲಿ. ಊರುಗೋಲು ತೇಲಿಹೋಗಿತ್ತು. ಸೊಸೆ ಕಂಕುಳಲ್ಲಿ ಕೈ ಹಾಕಿ ಎಳೆದಳು. ಅತ್ತೆ ನರಳಿದರು. ಕಾಲು ಇನ್ನಷ್ಟು ಇಳಿಯಿತು. ಆಗ ಪೊರಕೆಯ ಹೆಂಗಸಿನ ಮಾತು ನೆನಪಾಯಿತು.

"ಹಿಂದಕ್ಕೆ ಒರಗಿ. ನೀರಿಗೇ ಮಲ್ಗಿ. ನಾನು ತಲೆ ಹಿಡ್ಕೊಂಡಿರ್ತೀನಿ."

"ನೀನು ಹೋಗಿ ಗೂಡು ಹತ್ತು. ನಾನಿಲ್ಲೇ ಇರ್ತೀನಿ."

"ಇಲ್ಲೇ ಇರೋಕೆ ಇದೇನು ಬಸ್ ಸ್ಟಾಪಾ? ಒರಗಿ ಅಂದೆ."

"ಮೊದ್ಲು ನಾನು ಹೇಳೋದು ಕೇಳು."

"ಈಗಲ್ಲ ಅತ್ತೆ."

"ಈಗ್ಲೇ. ಆಮೇಲೆ ಹೇಳೋಕೆ ನಾನಿರ್ತೀನೋ ಇಲ್ವೋ." ಅತ್ತೆ ಅವಳ ಮುಂಗೈ ಹಿಡಿದರು. ಇಸ್ತ್ರಿಯ ಹಿಡಿತ, ಬಿಡಿಸಿಕೊಳ್ಳಲಾಗಲಿಲ್ಲ. "ಆವತ್ತು ಮಧ್ಯಾಹ್ನ ನೀನು ಹೊಟ್ಟೆ ಹಿಡ್ಕೊಂಡು ಲಾಂಡ್ರಿಗೆ ಬಂದೆ. ಚೊಚ್ಚಲು, ಇನ್ನೂ ಟೈಮಿದೆ, ಕೂತ್ಕೋ ಅಂದೆ. ಟೇಬಲ್ ಮೇಲೆ ಹೋಟ್ಲಿನ ಚಾದರದ ರಾಶಿ ಇತ್ತು. ಮುಗ್ಸಿ ಹೊರಟೆ. ಎರಡು ಗಂಟೆ ನಿನ್ನ ಕಾಯಿಸ್ದೆ."

"ಗೊತ್ತು" ಎಂದಳು ಸೊಸೆ. "ಎದುರಿಗೇ ಕುರ್ಚಿ ಮೇಲೆ ಕೂತಿದ್ನಲ್ಲ. ಒಂದೊಂದು ಚಾದರಾನೂ ಎಣಿಸ್ತಾ ಇದ್ದೆ. ನಾಲ್ಕು ವರ್ಷದಿಂದ ನೀವಾಗೇ ಹೇಳ್ತೀರಾ ಅಂತ ಕಾದೆ."

"ಇನ್ನೊಂದಿದೆ. ಅದು ನಿಂಗೊತ್ತಿಲ್ಲ." ನೀರು ಅತ್ತೆಯ ಸೊಂಟ ದಾಟಿತ್ತು. "ಆಸ್ಪತ್ರೆಯಲ್ಲಿ ನಿಂಗೆ ಎಚ್ಚರ ತಪ್ಪಿತ್ತು. ನೋವು ಯಾವಾಗ ಶುರುವಾಯ್ತು ಅಂತ ಡಾಕ್ಟರು ಕೇಳಿದ್ರು. ಈಗ ತಾನೇ, ಅರ್ಧ ಗಂಟೆ ಅಂದೆ. ಹೆದ್ರಿಕೆ ಆಯ್ತು. ಅವರು ಹಾಗಾದ್ರೆ ಕಾದು ನೋಡೋಣ ಅಂದ್ರು. ಫಾದರ್ ಹತ್ರ ಹೇಳ್ದೆ ಇವತ್ತು. ಹೇಳ್ಬೇಕಾಗಿರೋದು ನಂಗಲ್ಲ, ಅವಳಿಗೆ ಅಂದ್ರು."

ಸೊಸೆಯ ಕೈ ನಿಂತಿತು. ಎಷ್ಟು ಹೊತ್ತು ಎಂದು ಅವಳಿಗೆ ಆಮೇಲೂ ಹೇಳಲು ಬರಲಿಲ್ಲ. ಉಪ್ಪುನೀರು ಹಣೆಯ ಗಾಯಕ್ಕೆ ಸಿಡಿದು ಉರಿಯುತ್ತಿತ್ತು. ಅತ್ತೆಯ ಮುಖ ಒಂದು ಗೇಣು ದೂರದಲ್ಲಿತ್ತು, ಮುದಿ, ಬಿಳಿಚಿದ ಮುಖ. ಅದನ್ನು ನೋಡುತ್ತ ಅವಳ ಮನಸ್ಸಿನಲ್ಲಿ ಒಂದು ಯೋಚನೆ ಹಾದುಹೋಯಿತು. ಅದನ್ನು ಅವಳು ಯಾರಿಗೂ, ಗಂಡನಿಗೂ ಹೇಳಲಿಲ್ಲ. ಅತ್ತೆಗೆ ಮಾತ್ರ ಅದು ಕಂಡಿರಬೇಕು, ಹಿಡಿದಿದ್ದ ಮುಂಗೈಯನ್ನು ಬಿಟ್ಟರು.

ಸೊಸೆ ಅವರ ಎರಡೂ ಭುಜ ಹಿಡಿದು ಹಿಂದಕ್ಕೆ ಕೆಡವಿದಳು. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಪ್ರಯಾಣಿಕರನ್ನು ಒಳಗೆ ಹಾಕುವ ದನಿಯಲ್ಲಿ, "ಉಸಿರು ಹಿಡ್ಕೊಳ್ಳಿ. ಕಾಲನ್ನ ಅಲ್ಲಾಡಿಸ್ತಾ ಇರಿ. ಎಳೀಬೇಡಿ, ಅಲ್ಲಾಡ್ಸಿ" ಎಂದಳು. ಬೆನ್ನಿನ ಚೀಲ ಬಿಚ್ಚಿ ಅತ್ತೆಯ ತಲೆಯಡಿ ತುರುಕಿದಳು. ತಾನು ಮುಳುಗಿ, ಕೆಸರಿಗೆ ಮೊಣಕೈವರೆಗೂ ಕೈ ಹಾಕಿ, ಕಾಲಿನ ಸುತ್ತ ಬಗೆದಳು. ಉಸಿರಿಗೆ ಮೇಲೆ ಬಂದಳು, ಮತ್ತೆ ಮುಳುಗಿದಳು. ಮೂರನೆಯ ಸಲ ಕೆಸರು ಕಾಲನ್ನು ಉಗುಳಿತು. ಅತ್ತೆ ನೀರು ಕುಡಿದು ಕೆಮ್ಮುತ್ತ ಅವಳ ಮೈಮೇಲೆ ಬಿದ್ದರು.

ಎದೆಮಟ್ಟದ ನೀರಿನಲ್ಲಿ ಅವರನ್ನು ತೇಲಿಸಿಕೊಂಡೇ ಎಳೆದಳು. ಗೂಡಿನ ತೊಲೆಗಳು ಮಂಜಿನಲ್ಲಿ ಕಪ್ಪಗೆ ಮೂಡಿದಾಗ ಅವಳ ಬಾಯಿಂದ ಬಂದದ್ದು ಬೈಗುಳವೋ ಪ್ರಾರ್ಥನೆಯೋ ಅವಳಿಗೇ ತಿಳಿಯಲಿಲ್ಲ. ಏಣಿಗೆ ಹದಿನಾಲ್ಕು ಮೆಟ್ಟಿಲು. ಮಡಚದ ಮಂಡಿಯನ್ನು ಒಂದೊಂದು ಮೆಟ್ಟಿಲಿಗೂ ಸೊಸೆ ಕೈಯಲ್ಲಿ ಎತ್ತಿಟ್ಟಳು. ಅತ್ತೆ ತೋಳಿನ ಬಲದಲ್ಲಿ ಮೈ ಎಳೆದುಕೊಂಡರು. ಮೇಲೆ ಬಿದ್ದುಕೊಂಡಾಗ ಕೆಳಗಿನ ಮೂರು ಮೆಟ್ಟಿಲು ನೀರಲ್ಲಿ ಮುಳುಗಿದ್ದವು.

ಗೂಡಿನಲ್ಲಿ ಒಂದು ಬೆಂಚು, ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಎರಡು ಕಂಬಳಿ. ಸೊಸೆ ಅತ್ತೆಯ ಒದ್ದೆ ಬಟ್ಟೆ ತೆಗೆದು ಕಂಬಳಿ ಸುತ್ತಿದಳು. ತಾನೂ ಸುತ್ತಿಕೊಂಡಳು. ನಡುಕ ನಿಲ್ಲಲು ಒಬ್ಬರಿಗೊಬ್ಬರು ಅಂಟಿ ಕೂರಬೇಕಾಯಿತು. ಸೊಸೆಗೆ ಅದು ಇಷ್ಟವಿರಲಿಲ್ಲ. ಆದರೂ ಕೂತಳು. ಹಲಗೆಯ ಸಂದಿಯಲ್ಲಿ ಕೆಳಗೆ ನೀರು ಓಡುವುದು ಕಾಣುತ್ತಿತ್ತು.

ಸೊಸೆ ಅದನ್ನೇ ನೋಡುತ್ತ ಕೇಳಿದಳು, "ಆ ಸುಳ್ಳು ಹೇಳ್ದೇ ಇದ್ದಿದ್ರೆ ಮಗು ಉಳೀತಿತ್ತಾ?"

"ಗೊತ್ತಿಲ್ಲ. ಯಾರನ್ನೂ ಕೇಳೋ ಧೈರ್ಯ ಆಗ್ಲಿಲ್ಲ."

"ನಿಮ್ಮ ಮಗನಿಗೆ?"

"ಅವನಿಗೇನೂ ಗೊತ್ತಿಲ್ಲ. ಎರಡು ಗಂಟೆದೂ ಗೊತ್ತಿಲ್ಲ."

ಸೊಸೆ ಮೂಗು ಒರೆಸಿಕೊಂಡಳು. "ಇವತ್ತು ಬೆಳಿಗ್ಗೆ, ನಾಳೆ ಹೋಗೋಣ ಅಂದಿದ್ದು ನೀವು. ಟೈಮಿದೆ ಅಂದಿದ್ದು ನಾನು."

"ಅದೂ ಇದೂ ಒಂದೇ ಅಲ್ಲ ಕಣೇ."

"ಒಂದೇ ಅಂತ ನಾನೂ ಹೇಳ್ತಿಲ್ಲ" ಎಂದಳು ಸೊಸೆ.

ಹನ್ನೊಂದೂವರೆ ಇರಬಹುದು, ಮಂಜು ಕರಗಿತು. ಸುತ್ತ ಎಲ್ಲಿ ನೋಡಿದರೂ ನೀರು, ಕಂಬಗಳ ತಲೆ ಮಾತ್ರ ಮೇಲಿದ್ದವು. ಕಿತ್ತಳೆ ಜಾಕೆಟ್ಟಿನ ಇಬ್ಬರು ಬೋಟು ತಂದು ಏಣಿಗೆ ಕಟ್ಟಿದರು. ಅವರಲ್ಲಿ ಹಿರಿಯನು ಸೊಸೆಯ ಹಣೆ ನೋಡಿ ಸುಮ್ಮನೆ ಪಟ್ಟಿ ಹಾಕಿದ. ಆಮೇಲೆ ಕೇಳಿದ, "ದ್ವೀಪಕ್ಕೆ ಬಿಡ್ಲಾ, ದಂಡೆಗೆ ಬಿಡ್ಲಾ? ದ್ವೀಪಾನೇ ಹತ್ತಿರ."

ಅತ್ತೆ ದ್ವೀಪದ ಕಡೆ ನೋಡಿದರು. ಸೊಸೆಯ ಕಡೆ ನೋಡಲಿಲ್ಲ.

"ದಂಡೆಗೆ" ಎಂದಳು ಸೊಸೆ. "ಬೋಟಲ್ಲಿ ಹೋದ್ರೆ ಹರಕೆ ತೀರಲ್ವಂತೆ."

ವಸತಿಗೃಹದ ಹೆಂಗಸು ಬೈಯಲಿಲ್ಲ. ಬಿಸಿನೀರು ಕಾಯಿಸಿ ಇಟ್ಟಿದ್ದಳು. ಆಮೇಲೆ ಸೊಸೆ ಅವಳ ಫೋನಿನಿಂದ ಡಿಪೋಗೆ ಮಾತಾಡಿ ಎರಡು ದಿನ ರಜೆ ಕೇಳಿದಳು. ಮೇಲ್ವಿಚಾರಕ ಗೊಣಗಾಡಿ ಕೊನೆಗೆ ಕೊಟ್ಟ.

ಮರುದಿನ ಇಳಿತ ಮುಕ್ಕಾಲು ಗಂಟೆ ತಡ. ಹಲಗೆಯಲ್ಲಿ ಹೊತ್ತು ಬರೆಯುವಾಗಲೇ ಸೊಸೆ ಅಲ್ಲಿ ನಿಂತಿದ್ದಳು. ಹನ್ನೆರಡು ಜನ ಯಾತ್ರಿಕರ ಗುಂಪಿನ ಜೊತೆ ಮರಳಿಗಿಳಿದರು. ಅತ್ತೆಯ ಮಂಡಿ ಊದಿ ಕುಂಬಳಕಾಯಿಯಾಗಿತ್ತು. ಸೊಸೆಯ ಹೆಗಲ ಮೇಲೆ ಭಾರ ಹಾಕಿ ನಡೆದರು. ದಾರಿಯುದ್ದಕ್ಕೂ ಸೊಸೆ ಆಡಿದ್ದು "ಎಡಕ್ಕೆ", "ಇಲ್ಲಿ ಜಾರುತ್ತೆ", ಇಂಥವೇ. ಗುಂಪಿನಲ್ಲೊಬ್ಬಳು, "ಎಷ್ಟು ಚೆನ್ನಾಗಿ ನೋಡ್ಕೋತಾಳೆ ನಿಮ್ಮ ಮಗಳು" ಎಂದಾಗ ಇಬ್ಬರೂ ತಿದ್ದಲಿಲ್ಲ. ಹೌದೆನ್ನಲೂ ಇಲ್ಲ.

ಸಂತರ ಸಮಾಧಿಯ ಮುಂದೆ ಅತ್ತೆಗೆ ಮೊಣಕಾಲೂರಲು ಆಗಲಿಲ್ಲ. ನಿಂತೇ ತಲೆಬಾಗಿಸಿದರು. ಸೊಸೆ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಪ್ರಾರ್ಥನೆ ಬರಲಿಲ್ಲ. ಸುಮ್ಮನೆ ಅತ್ತಳು. ನಾಲ್ಕು ವರ್ಷದಲ್ಲಿ ಅತ್ತೆ ಇರುವ ಕೋಣೆಯಲ್ಲಿ ಅವಳು ಅತ್ತದ್ದು ಅದೇ ಮೊದಲು.

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಅತ್ತೆ, "ಯಾರ ಹತ್ರನಾದ್ರೂ ಫೋನ್ ಇಸ್ಕೊಂಡು ಅವನಿಗೆ ಹಚ್ಚಿ ಕೊಡು. ನಾನೇ ಹೇಳ್ತೀನಿ" ಎಂದರು.

"ಇವತ್ತೇ ಹೇಳ್ಬೇಕಂತಿಲ್ಲ."

"ಇವತ್ತೇ."

ಸೊಸೆ ಗುಂಪಿನವಳೊಬ್ಬಳ ಫೋನು ತಂದು ಕೊಟ್ಟಳು. ಹೋಗಲಿಲ್ಲ, ಪಕ್ಕದಲ್ಲೇ ಕೂತಳು. ಅತ್ತೆ ಹೇಳಿದರು, ಎರಡು ಗಂಟೆಯದನ್ನೂ, ಸುಳ್ಳನ್ನೂ. ಒಂದಕ್ಕೂ ನೆವ ಸೇರಿಸಲಿಲ್ಲ. ಆ ಕಡೆಯಿಂದ ಫೋನು ಕಟ್ಟಾಯಿತು. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಯಾತ್ರಿಕರು ಬಂದರು, ಹೋದರು. ಫೋನಿನ ಒಡತಿ ದೂರದಿಂದ ನೋಡಿ, ಇರಲಿ ಎಂದು ಕೈಸನ್ನೆ ಮಾಡಿದಳು.

ಒಂದು ಗಂಟೆಯ ಮೇಲೆ ಅದು ಬಡಿದುಕೊಂಡಿತು. ಅತ್ತೆ ಮುಟ್ಟಲಿಲ್ಲ. ಸೊಸೆ ಎತ್ತಿದಳು.

ಗಂಡನ ದನಿ ಒಡೆದಿತ್ತು. "ನೀನು ಅಲ್ಲೇ ಇದೀಯಾ?"

"ಇದೀನಿ."

"ನಿಂಗೆ ಗೊತ್ತಿತ್ತಾ?"

"ಅರ್ಧ."

ಅವನ ಹಿಂದೆ ಎಲ್ಲೋ ಕಬ್ಬಿಣದ ಕೊಳವೆಗಳ ಸದ್ದು, ಯಾರೋ ಅವನನ್ನು ಕರೆಯುವುದು ಕೇಳಿಸಿತು.

"ಅಮ್ಮನ ಜೊತೆ ಈಗ ಮಾತಾಡೋಕಾಗಲ್ಲ ನಂಗೆ" ಎಂದ. ಆಮೇಲೆ, "ಊಟ ಮಾಡಿದ್ಲಾ ಅವ್ಳು?" ಎಂದು ಕೇಳಿದ.

ಸೊಸೆ ಪಕ್ಕಕ್ಕೆ ತಿರುಗಿದಳು. ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು.

"ಇನ್ನೂ ಇಲ್ಲ" ಎಂದಳು. "ಮಾಡಿಸ್ತೀನಿ."